ಕೈಗುಣದವನ ಕಟ್ಟೆ

ಮೀನು ಮಾರುಕಟ್ಟೆಯ ಕೊನೆಯ ಕಟ್ಟೆಯಲ್ಲಿ ಮೀನು ಕೊಯ್ದು ಕೊಡುತ್ತಿದ್ದ ಕೈಗುಣ ಕಳೆದ ವಾರ ತೀರಿಕೊಂಡ. ಬೆಳಗಿನ ವ್ಯಾಪಾರದ ನಡುವೆ, ಕಟ್ಟೆಯ ಹಿಂದೆ ನಿಂತಿದ್ದಾಗಲೇ ಎದೆ ನಿಂತಿತು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲ. ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದನ್ನು ಬಳಸುತ್ತಿದ್ದವರು ಅವನ ಹೆಂಡತಿ ಮತ್ತು ವಿದ್ಯುತ್ ಇಲಾಖೆಯವರು ಮಾತ್ರ.

ಮಾರುಕಟ್ಟೆಯ ಸಂಘದವರು ಹೆಬ್ಬಾಗಿಲಲ್ಲಿ ಅವನ ದೊಡ್ಡ ಫೋಟೋ ಹಾಕಿ, ಕೆಳಗೆ ‘ನದಿಯ ಸಮೃದ್ಧಿಯನ್ನು ಕೈಯಲ್ಲಿ ಹಿಡಿದು ತೋರಿಸಿದವರು’ ಎಂದು ಬರೆಸಿದ್ದಾರೆ. ಫೋಟೋ ನೂಲಿನ ಗಿರಣಿಯವರು ಕೊಟ್ಟದ್ದು. ವಾಕ್ಯವೂ ಅವರದೇ. ಸತ್ತವನು ಎದ್ದು ಬಂದು ತಿದ್ದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಲೋಕದ ಶ್ರದ್ಧಾಂಜಲಿಗಳೆಲ್ಲ ನಿಂತಿರುವುದು. ಆ ವಾಕ್ಯದ ಮೇಲೆ ಅವನ ಮುಖ ನೋಡಿಕೊಂಡು ದಿನಾ ಅಂಗಡಿ ತೆರೆಯುವುದು ನನ್ನಿಂದ ಆಗಲಿಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ನನ್ನದು ಮಾರುಕಟ್ಟೆಯ ಎದುರಿನ ಹಳೆ ಪುಸ್ತಕದ ಅಂಗಡಿ. ವ್ಯಾಪಾರ ಇಳಿದ ಮೇಲೆ ಅವನು ಚಹಾಕ್ಕೆ ಬಂದು ಕೂರುತ್ತಿದ್ದ. ಎಷ್ಟು ತೊಳೆದರೂ ಕೈಯ ವಾಸನೆ ಹೋಗುತ್ತಿರಲಿಲ್ಲ, ಪುಸ್ತಕ ಮುಟ್ಟುವ ಚಪಲವೂ ಬಿಡುತ್ತಿರಲಿಲ್ಲ. ನನ್ನಲ್ಲಿರುವ ತತ್ವಶಾಸ್ತ್ರವೆಲ್ಲ ಇವತ್ತಿಗೂ ಗೆಂಡೆ ಮೀನಿನ ವಾಸನೆ ಹೊಡೆಯುತ್ತದೆ.

ಅವನ ಕೈಯ ಪೂರ್ವಚರಿತ್ರೆ ಅಷ್ಟೇನೂ ಶುಭವಾದದ್ದಲ್ಲ. ಹುಡುಗ ವಯಸ್ಸಿನಲ್ಲಿ ಕ್ಷೌರದ ಅಂಗಡಿ ಸೇರಿದ. ಆ ಅಂಗಡಿಯ ಒಬ್ಬ ಗಿರಾಕಿಯ ಎಡಕಿವಿಗೆ ಈಗಲೂ ಅಂಚಿಲ್ಲ. ಅಲ್ಲಿಂದ ಸೈಕಲ್ ರಿಪೇರಿಗೆ ಹೋದ. ಇವನು ಗಾಳಿ ತುಂಬಿದ ಚಕ್ರ ಬೀದಿಯ ತಿರುವು ದಾಟುವ ಮೊದಲೇ ನಿಟ್ಟುಸಿರು ಬಿಡುತ್ತಿತ್ತು. ಆಮೇಲೆ ಗೋಡೆಗೆ ಬಣ್ಣ ಬಳಿಯುವ ಕೆಲಸ. ಬಣ್ಣಕ್ಕಿಂತ ಮೊದಲು ಏಣಿ ಬಿತ್ತು, ಏಣಿಯ ಜೊತೆ ಇವನು, ಇವನ ಜೊತೆ ಆ ಮನೆಯವರ ಗಡಿಯಾರ. ಮುಟ್ಟಿದ್ದೆಲ್ಲ ಮಣ್ಣು ಎನ್ನುವುದು ಗಾದೆಯಾಗಿ ಉಳಿಯದೆ ಇವನ ಪರಿಚಯವಾಯಿತು. ಇಂಥವನಿಗೂ ಹೆಣ್ಣು ಸಿಕ್ಕಿತು ಎಂದರೆ ಹೆಣ್ಣಿನ ದೊಡ್ಡ ಮನಸ್ಸು ಎನ್ನಬೇಕು. ಅತ್ತೆಯ ಮನಸ್ಸು ಅಷ್ಟು ದೊಡ್ಡದಿರಲಿಲ್ಲ.

ಅತ್ತೆ ಮಾರುಕಟ್ಟೆಯಲ್ಲಿ ವರ್ಷಾನುಗಟ್ಟಲೆ ಮೀನು ಮಾರಿದವಳು. ಮಂಡಿ ಸೋತು ಮನೆಯಲ್ಲಿ ಕೂರಬೇಕಾಗಿ ಬಂದಾಗ ಕಟ್ಟೆ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಗಂಡುಮಕ್ಕಳಿರಲಿಲ್ಲ. ಕೊನೆಗೆ ಮೂಗು ಹಿಡಿದುಕೊಂಡು ಔಷಧಿ ಕುಡಿಯುವವಳ ಹಾಗೆ ಅಳಿಯನಿಗೇ ಕೊಟ್ಟಳು.

“ಹೋಗ್ಲಿ, ಮೀನು ಹೇಗೂ ಸತ್ತೇ ಬರುತ್ತೆ,” ಎಂದಳಂತೆ. “ಸತ್ತಿದ್ದನ್ನ ಇವನು ಇನ್ನೇನು ಕೊಲ್ತಾನೆ.”

ಅವಳ ಮಾತನ್ನು ನಮ್ಮ ಊರು ಎಷ್ಟೋ ದಿನ ನೆನೆದು ನಕ್ಕಿತು. ಅವನೂ ನಕ್ಕ. ಆದರೆ ಆ ಹೊತ್ತಿಗೆ ಅವನಿಗೆ ನಲವತ್ತು ದಾಟಿತ್ತು, ಈ ಎರಡು ಕೈಯ ಬಗ್ಗೆ ಒಬ್ಬರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಇದೊಂದು ನೆನಪಿರಬೇಕು.

ನದಿಯ ಗೆಂಡೆ ಮೊಟ್ಟೆಗಟ್ಟುವ ಕಾಲದಲ್ಲಿ ಮಾರುಕಟ್ಟೆಗೆ ಬೇರೆಯೇ ಕಳೆ. ಮೀನಿಗಿಂತ ಅದರ ಹೊಟ್ಟೆಯ ಮೊಟ್ಟೆಗೇ ಜನ ಸಾಯುತ್ತಾರೆ. ಹೆಣ್ಣುಮೀನು ಸಿಕ್ಕಿದರೆ ಮೊಟ್ಟೆ, ಗಂಡು ಸಿಕ್ಕಿದರೆ ಬಿಳಿ ಮೆತ್ತಗಿನ ಚೀಲ. ಕೊಯ್ಯುವವರ ಬಾಯಲ್ಲಿ ಅದಕ್ಕೆ ‘ಬೆಣ್ಣೆ’ ಎಂದು ಹೆಸರು. ಹೊಟ್ಟೆ ಸೀಳುವ ತನಕ ಯಾವುದು ಎಂದು ಹೇಳುವುದು ಕಷ್ಟ, ಹೇಳಬಲ್ಲವರು ಹೇಳುವುದಿಲ್ಲ. ವ್ಯಾಪಾರದ ಸ್ವಾರಸ್ಯವೇ ಅದು. ಬೆಣ್ಣೆ ಬಂದವರು ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದರು.

ಇವನು ಕತ್ತಿ ಹಿಡಿದ ಕೆಲವು ವರ್ಷಗಳಲ್ಲಿ ಇವನ ಕಟ್ಟೆಯಲ್ಲಿ ಸಪ್ಪೆ ಮುಖಗಳು ಕಡಿಮೆಯಾದವು. ಸೀಳಿದ್ದಕ್ಕೆಲ್ಲ ಮೊಟ್ಟೆ. ಪೂರಾ ಮೊಟ್ಟೆ ಇಲ್ಲದಿದ್ದರೆ ಬೆಣ್ಣೆಯ ನಡುವೆ ಸಾಸಿವೆ ಚೆಲ್ಲಿದ ಹಾಗೆ ಹಳದಿ ಕಾಳು. ಅದಕ್ಕೊಂದು ಹೆಸರು ಬೇಕಾಯಿತು. ‘ಎಳೆಮೊಟ್ಟೆ’ ಎಂದು ಇವನೇ ಇಟ್ಟ. ಎಳೆಮೊಟ್ಟೆ ಬಾಯಲ್ಲಿ ಕರಗುತ್ತದೆ ಎಂದು ಊರು ಕಂಡುಹಿಡಿಯಿತು. ಮೀನನ್ನು ಬೇರೆ ಕಡೆ ಕೊಂಡವರೂ ಕೊಯ್ಯಿಸಲು ಇವನ ಹತ್ತಿರ ಬಂದು ಸಾಲು ನಿಂತರು. ಯಾರೋ ಒಬ್ಬಾಕೆ, “ಏನೇ ಹೇಳಿ, ಇವರ ಕೈಗುಣ,” ಅಂದಳು. ಅಂದಿನಿಂದ ಅದೇ ಹೆಸರಾಯಿತು.

ಪಕ್ಕದ ಕಟ್ಟೆಯ ಅಕ್ಕ ಕೊಯ್ದ ಮೀನುಗಳಲ್ಲೂ ಮೊಟ್ಟೆ ಇರುತ್ತಿತ್ತು. ಅವಳು ಅದನ್ನು ಎತ್ತಿ ಎತ್ತಿ ತೋರಿಸುತ್ತಿದ್ದಳು. ಉಪಯೋಗವಿಲ್ಲ. ಅವಳದು ಬರೀ ಮೊಟ್ಟೆ, ಇವನದು ಕೈಗುಣ. ಒಮ್ಮೆ ಜನರಿಗೆ ಒಂದು ಹೆಸರು ರುಚಿಸಿದ ಮೇಲೆ ಸಾಕ್ಷ್ಯ ಯಾರಿಗೆ ಬೇಕು?

ಇಲ್ಲಿ ಗಿರಣಿಯ ವಿಷಯ ಹೇಳಬೇಕು. ನದಿಯ ಮೇಲಿನ ತಿರುವಿನಲ್ಲಿ ನೂಲು ತೊಳೆಯುವ ದೊಡ್ಡ ಗಿರಣಿ. ಅದರ ಕೊಳವೆಯಿಂದ ನೀರಿನ ಜೊತೆ ನೊರೆ ಇಳಿಯುತ್ತದೆ. ಗಾಳಿ ಬೀಸಿದ ದಿನ ನೊರೆಯ ಮುದ್ದೆಗಳು ಸೇತುವೆಯ ಮೇಲೆ ಹಾರಿ ಬಂದು, ಕೆಲಸಕ್ಕೆ ಹೋಗುವವರ ಹೆಗಲ ಮೇಲೆ ಕೂರುತ್ತವೆ. ಮೊದಮೊದಲು ಜನ ಗೊಣಗಿದರು. ಆಮೇಲೆ ನದಿ ಸೋಪಿನ ಪರಿಮಳ ಬೀರುತ್ತಿರುವುದನ್ನು ಗಮನಿಸಿ ಸಮಾಧಾನಗೊಂಡರು. ಇಷ್ಟು ಸೋಪು ಹಾಕಿದ ಮೇಲೂ ನದಿ ಕೊಳೆ ಎನ್ನುವುದು ಅನ್ಯಾಯ ಎಂದು ಪುರಸಭೆಯ ಅಧ್ಯಕ್ಷರೇ ಒಮ್ಮೆ ಹೇಳಿದ್ದರು, ಮತ್ತು ಅವರು ತಮಾಷೆ ಮಾಡುತ್ತಿರಲಿಲ್ಲ.

ಗಿರಣಿಯ ಪ್ರಚಾರದ ಸಾಹೇಬರು ಕೈಗುಣನನ್ನು ಹುಡುಕಿಕೊಂಡು ಬಂದರು. ಎರಡು ಅಂಗೈಯಲ್ಲಿ ಮೊಟ್ಟೆ ಹಿಡಿಸಿ ಫೋಟೋ ತೆಗೆಸಿದರು. ಸೇತುವೆಯ ಬುಡದಲ್ಲಿ ಜಾಹೀರಾತಿನ ಹಲಗೆ ಎದ್ದಿತು: ‘ನದಿ ತುಂಬಿದ ಬಸುರಿ.’ ಅದರಲ್ಲಿ ಇವನ ನಗು ಆಳೆತ್ತರ. ಹೆಂಡತಿ ನೆಂಟರನ್ನೆಲ್ಲ ಸೇತುವೆಯ ಕಡೆ ವಾಕಿಂಗ್ ಕರೆದುಕೊಂಡು ಹೋಗತೊಡಗಿದಳು. ಅತ್ತೆ ಮಾತ್ರ ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, ಬಣ್ಣ ಎಷ್ಟು ದಿನ ನಿಲ್ಲುತ್ತೋ ನೋಡೋಣ ಎಂದಳಂತೆ.

ಆಗ ಬಂದವಳು ಬೆಕ್ಕಿನ ಹುಡುಗಿ.

ಅವಳು ಮೀನು ಕೊಳ್ಳುತ್ತಿರಲಿಲ್ಲ. ಕೊಯ್ದ ಮೇಲೆ ಎಸೆಯುವ ಕರುಳು, ಬೆಣ್ಣೆ, ತಲೆ ಇಷ್ಟನ್ನೇ ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದಳು. ಮನೆತುಂಬ ಬೆಕ್ಕು ಸಾಕಿರಬೇಕು ಎಂದು ಮಾರುಕಟ್ಟೆ ತೀರ್ಮಾನಿಸಿತು. ಅವಳು ವಿಶ್ವವಿದ್ಯಾಲಯದಿಂದ ನದಿಯ ಮೀನು, ಕಪ್ಪೆ, ಬಸವನಹುಳುಗಳನ್ನು ಓದಲು ಬಂದವಳು ಎಂದು ತಿಳಿದದ್ದು ಆಮೇಲೆ. ತಿಳಿದ ಮೇಲೂ ಹೆಸರು ಬದಲಾಗಲಿಲ್ಲ. ಕೈಗುಣನಿಗೆ ಅವಳೆಂದರೆ ಅಕ್ಕರೆ. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ತಮಾಷೆ ಮಾತ್ರ ವಸೂಲಿ ಮಾಡುತ್ತಿದ್ದ.

ಒಂದು ಬೆಳಗ್ಗೆ ಅವಳು ಇನ್ನೂ ಕೊಯ್ಯದ ಮೀನೊಂದನ್ನು ತೋರಿಸಿ ಕೇಳಿದಳು: “ಅಣ್ಣ, ಇದು ಗಂಡೋ ಹೆಣ್ಣೋ?”

“ಮೊಟ್ಟೆ ಇದ್ರೆ ಹೆಣ್ಣು, ಇಲ್ದಿದ್ರೆ ಗಂಡು. ಇಷ್ಟಕ್ಕೂ ಅಷ್ಟು ದೊಡ್ಡ ಕಾಲೇಜು ಬೇಕೇನಮ್ಮ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕು, “ಮೂತಿ ಮುಟ್ಟಿ ನೋಡಿ,” ಅಂದಳು. ಮೊಟ್ಟೆಗಟ್ಟುವ ಕಾಲದಲ್ಲಿ ಗಂಡು ಗೆಂಡೆಯ ಮೂತಿಯ ಮೇಲೆ ಉಪ್ಪಿನ ಹರಳಿನಂಥ ಒರಟು ಗುಳ್ಳೆ ಏಳುತ್ತದೆ, ಹೆಣ್ಣಿನ ಮೂತಿ ನುಣ್ಣಗಿರುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಅತ್ತೆ ಹೇಳಿಕೊಟ್ಟಿದ್ದಳು. ಆದರೆ ಹೊಟ್ಟೆ ತುಂಬ ಮೊಟ್ಟೆ ಬರುತ್ತಿರುವಾಗ ಮೂತಿ ಯಾರು ಮುಟ್ಟುತ್ತಾರೆ? ಮುಟ್ಟಿದ. ಒರಟು. ಸೀಳಿದ. ಬೆಣ್ಣೆ, ಬೆಣ್ಣೆಯ ತುಂಬ ಹಳದಿ ಕಾಳು.

“ಎಳೆಮೊಟ್ಟೆ,” ಅಂದ ಅಭ್ಯಾಸಬಲದಿಂದ.

“ಎಳೆಮೊಟ್ಟೆ ಅಂತ ಯಾವುದೂ ಇಲ್ಲ ಅಣ್ಣ. ಇದು ಗಂಡು. ಮೊಟ್ಟೆ ಕಟ್ಟೋಕೆ ಶುರುಮಾಡಿದೆ, ಅಷ್ಟೆ.”

ಅವಳು ವಿವರಿಸಿದ್ದನ್ನು ಅವನು ಚಹಾದ ಹೊತ್ತಿಗೆ ನನಗೆ ಬಂದು ಒಪ್ಪಿಸಿದ, ಪೊಲೀಸ್ ಠಾಣೆಯಲ್ಲಿ ದೂರು ಕೊಡುವವನ ಹಾಗೆ. ಗಿರಣಿಯಲ್ಲಿ ನೂಲು ತೊಳೆಯುವ ಸೋಪು ನೀರಿನಲ್ಲಿ ಒಡೆದು ಬೇರೆ ಏನೋ ಆಗುತ್ತದಂತೆ. ಆ ಏನೋ, ಮೀನಿನ ಮೈಗೆ ಹೆಣ್ಣಿನ ಹಾರ್ಮೋನಿನ ಹಾಗೆ ಕಾಣುತ್ತದಂತೆ. ಹೆಣ್ಣುವೇಷ ಹಾಕಿಕೊಂಡು ಬಂದು ಬಾಗಿಲು ತಟ್ಟುತ್ತದೆ, ಮೈ ನಂಬಿ ಬಾಗಿಲು ತೆಗೆಯುತ್ತದೆ. ಮರಿಯಿದ್ದಾಗಿಂದ ಆ ನೀರಲ್ಲೇ ಬೆಳೆದ ಗಂಡು, ಅರ್ಧ ಹೆಣ್ಣಾಗಿ ನಿಲ್ಲುತ್ತದೆ. ಅತ್ತ ದೋಣಿಗಳು ನಿಲ್ಲುವ ದಡದ ಹತ್ತಿರ ಇದರ ತದ್ವಿರುದ್ಧ: ದೋಣಿಗೆ ಬಳಿಯುವ ಬಣ್ಣದ ವಿಷದಿಂದ ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಮೂಡುತ್ತಿದೆಯಂತೆ.

“ಸರಿ ಹೋಯ್ತಲ್ಲ,” ಅಂದ. “ಹುಳ ಗಂಡಾಯ್ತು, ಮೀನು ಹೆಣ್ಣಾಯ್ತು. ಎರಡಕ್ಕೂ ಮದುವೆ ಮಾಡ್ಸಿಬಿಡೋಣ.”

ನಾನು ನಕ್ಕೆ. ಅವನು ನಗಲಿಲ್ಲ.

“ಅವಳು ನನ್ನ ಕೈಗುಣಾನ ಸೋಪಿನ ನೊರೆ ಅಂದ್ಲು ಕಣೋ.”

ನಾನು ಕಪಾಟಿನಿಂದ ಒಂದು ಪುಸ್ತಕ ಇಳಿಸಿ ಓದಿ ಹೇಳಿದೆ. ಬೇರೆ ಊರುಗಳ ಬೇರೆ ನದಿಗಳಲ್ಲೂ ಹೀಗೇ ಆಗಿತ್ತು, ಹುಡುಗಿ ಹೇಳಿದ್ದು ನಿಜ. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಹುಡುಗಿಯ ಮೇಲಿನ ಸಿಟ್ಟು ಪುಸ್ತಕದ ಮೇಲೆ, ಪುಸ್ತಕದ ಸಿಟ್ಟು ನನ್ನ ಮೇಲೆ. ಹಲವು ದಿನ ಈ ಕಡೆ ತಲೆ ಹಾಕಲಿಲ್ಲ. ಕಟ್ಟೆಯಲ್ಲಿ ಮಾತ್ರ ಹಿಂದೆಂದಿಗಿಂತ ಜೋರಾಗಿ ‘ಎಳೆಮೊಟ್ಟೆ’ ಎಂದು ಕೂಗುತ್ತಿದ್ದ. ಬೀದಿ ದಾಟಿ ನನಗೆ ಕೇಳಿಸಲಿ ಎಂದೇ.

ಆದರೆ ಬೆರಳಿಗೆ ಒಮ್ಮೆ ಬುದ್ಧಿ ಬಂದರೆ ಅದನ್ನು ಮರೆಸುವುದು ಕಷ್ಟ. ಪ್ರತಿ ಮೀನಿನ ಮೂತಿಯನ್ನೂ ಅವನ ಹೆಬ್ಬೆರಳು ತಾನಾಗಿ ಸವರತೊಡಗಿತು, ಸಂಶಯ ಹೊಕ್ಕ ಗಂಡ ಹೆಂಡತಿಯ ಚೀಲ ತಡಕುವ ಹಾಗೆ. ಒರಟು, ಮೊಟ್ಟೆ. ಒರಟು, ಮೊಟ್ಟೆ. ಮತ್ತೆ ಒರಟು. ಇನ್ನೊಂದು ಸಂಗತಿಯನ್ನು ಬಲೆ ಹಾಕುವ ಮುದುಕ ಬುಟ್ಟಿ ಇಳಿಸುವಾಗ ಗೊಣಗಿದ: ಬಲೆಗೆ ದೊಡ್ಡವೇ ಬೀಳುತ್ತಿವೆ, ಮರಿಗಳೇ ಇಲ್ಲ. ಕೈಗುಣ ಬುಟ್ಟಿ ಕೆದಕಿ ನೋಡಿದ. ಹಿಂದೆಲ್ಲ ಬುಟ್ಟಿಯ ತಳದಲ್ಲಿ ಬೆರಳುದ್ದದ ಮರಿಗಳು ಸಿಕ್ಕಿಕೊಂಡು ಬರುತ್ತಿದ್ದವು. ಮಾರುಕಟ್ಟೆಯ ಬೆಕ್ಕುಗಳು ಕೊಬ್ಬಿದ್ದೇ ಅವುಗಳಿಂದ. ಈಗ ಬೆಕ್ಕುಗಳ ಪಕ್ಕೆಲುಬು ಕಾಣುತ್ತಿತ್ತು. ನದಿಯ ಕೊಕ್ಕರೆಗಳು ಕೂಡ ಎತ್ತಲೋ ಹೋಗಿದ್ದವು. ಅವುಗಳಿಗೆ ಹಲಗೆ ಓದಲು ಬರುವುದಿಲ್ಲ.

ಅವತ್ತು ಚಹಾಕ್ಕೆ ಬಂದ. ಏನೂ ಆಗಿಲ್ಲವೆಂಬಂತೆ ತನ್ನ ಜಾಗದಲ್ಲಿ ಕೂತ.

“ಊರೆಲ್ಲಾ ಬಸುರಿಯರು, ತೊಟ್ಟಿಲು ಮಾತ್ರ ಖಾಲಿ,” ಎಂದ. “ಇದ್ಯಾವ ಸೀಮೆ ಕೈಗುಣ ಕಣೋ?”

ಅವನಿಗೆ ಬೇಕಾಗಿದ್ದದ್ದು ಉತ್ತರವಲ್ಲ. ಒಂದು ಕಡೆ ಅವನಿಗೆ ಬದುಕಿನಲ್ಲಿ ಸಿಕ್ಕ ಒಂದೇ ಒಂದು ಒಳ್ಳೆಯ ಹೆಸರು, ಇನ್ನೊಂದು ಕಡೆ ಮರಿಯಿಲ್ಲದ ನದಿ. ಹೆಸರನ್ನು ಇಟ್ಟುಕೊಂಡರೆ ನದಿಯ ಬಗ್ಗೆ ಸುಳ್ಳು ಹೇಳುತ್ತಲೇ ಇರಬೇಕು. ಬಿಟ್ಟರೆ ಮತ್ತೆ ಕಿವಿ ಕೊಯ್ದವನು, ಗಡಿಯಾರ ಒಡೆದವನು.

ನಿರ್ಧಾರಕ್ಕೆ ಗಿರಣಿಯೇ ದಾರಿ ಮಾಡಿಕೊಟ್ಟಿತು. ಇನ್ನೊಂದು ಕೊಳವೆ ಹಾಕಲು ಅವರಿಗೆ ಅನುಮತಿ ಬೇಕಿತ್ತು, ಅದಕ್ಕೆ ಪುರಸಭೆಯ ಸಭಾಂಗಣದಲ್ಲಿ ಸಾರ್ವಜನಿಕರ ಸಭೆ. ಪ್ರಚಾರದ ಸಾಹೇಬರಿಗೆ ಒಂದು ಹೊಳಹು: ಅಂಕಿ ಅಂಶ ಯಾರು ಕೇಳುತ್ತಾರೆ, ಕೈಗುಣ ವೇದಿಕೆಯ ಮೇಲೆ ಒಂದು ಗೆಂಡೆ ಕೊಯ್ದು ತೋರಿಸಲಿ. ನದಿಯ ಆರೋಗ್ಯಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ? ಹೆಂಡತಿ ಅವನಿಗೆ ಹೊಸ ಅಂಗಿ ಹೊಲಿಸಿದಳು. ಅತ್ತೆ ಮುಂದಿನ ಸಾಲಿನಲ್ಲೇ ಕೂರುತ್ತೇನೆಂದು ಹೇಳಿ ಕಳಿಸಿದಳು. ಏನು ಮಾಡುತ್ತೀಯ ಎಂದು ನಾನು ಕೇಳಿದೆ.

“ಕೊಯ್ತೀನಿ. ಇನ್ನೇನು ಬರುತ್ತೆ ನಂಗೆ?”

ಸಭೆಯಲ್ಲಿ ಮೊದಲು ಬೆಕ್ಕಿನ ಹುಡುಗಿ ಮಾತಾಡಿದಳು. ಪರದೆಯ ಮೇಲೆ ಚಿತ್ರ ತೋರಿಸಿ, ಗಂಡು ಕಡಿಮೆಯಾದಂತೆ ಮರಿ ಕಡಿಮೆಯಾಗುವುದನ್ನು ನಿಧಾನವಾಗಿ ಹೇಳಿದಳು. ಇದನ್ನು ತಿಂದರೆ ಮನುಷ್ಯರಿಗೆ ಏನಾಗುತ್ತದೆ ಎಂದು ಅಧ್ಯಕ್ಷರು ಕೇಳಿದರು. ಖಚಿತವಾಗಿ ಇನ್ನೂ ಗೊತ್ತಿಲ್ಲ ಎಂದು ಅವಳು ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಅಂಥ ಸಭೆಗಳಲ್ಲಿ ಇದೊಂದು ತಪ್ಪನ್ನು ಮಾಡಬಾರದು. “ಗೊತ್ತಿಲ್ಲ ಅಂದ್ಮೇಲೆ ಏನೂ ಆಗಲ್ಲ ಅಂತಾಯ್ತಲ್ಲ,” ಎಂದು ಅಧ್ಯಕ್ಷರು ಸಭೆಯ ಕಡೆ ತಿರುಗಿ ನಕ್ಕರು. ಸಭೆಯ ಎದೆಯಿಂದ ಭಾರ ಇಳಿಯಿತು.

ಆಮೇಲೆ ಕೈಗುಣ. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಗಿರಣಿಯವರೇ ತರಿಸಿದ ಗೆಂಡೆ. ಇವನು ಕತ್ತಿ ತೆಗೆಯಲಿಲ್ಲ. ಮೀನಿನ ಮೂತಿಯ ಮೇಲೆ ಹೆಬ್ಬೆರಳು ಆಡಿಸಿ, ಮುಂದಿನ ಸಾಲಿನ ಕಡೆ ನೋಡಿ, “ಅತ್ತೆ, ಸ್ವಲ್ಪ ಮೇಲೆ ಬರ್ತೀರಾ?” ಎಂದ. ಇಬ್ಬರು ಹಿಡಿದು ಅವಳನ್ನು ಮೆಟ್ಟಿಲು ಹತ್ತಿಸಿದರು. ಅವಳು ಮೀನನ್ನು ನೋಡಲೂ ಇಲ್ಲ, ಬರೀ ಮುಟ್ಟಿದಳು.

“ಗಂಡು,” ಅಂದಳು. “ಇಷ್ಟು ಹೇಳಕ್ಕೆ ನನ್ನ ಮಂಡಿ ಮುರಿಸಿದ್ಯಾ?”

ಅವನು ಸೀಳಿದ. ಅತ್ತೆ ಬಗ್ಗಿ ನೋಡಿದಳು. ಮತ್ತೊಮ್ಮೆ ಮೂತಿ ಮುಟ್ಟಿದಳು, ಮತ್ತೊಮ್ಮೆ ಬಗ್ಗಿ ನೋಡಿದಳು. ಅವನು ಮೊಟ್ಟೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದ, ಥೇಟು ಹಲಗೆಯ ಮೇಲಿನ ಹಾಗೆಯೇ.

“ಇದು ಗಂಡುಮೀನಿನ ಮೊಟ್ಟೆ,” ಎಂದ. “ಹೀಗೆ ಇರಬಾರ್ದು. ಇದು ಗಿರಣಿ ನೀರಿನ ಕೆಲಸ. ನಂದೇನೂ ಇಲ್ಲ. ನಂಗೆ ಯಾವತ್ತೂ ಕೈಗುಣ ಇರಲಿಲ್ಲ.”

ಈಗ ಏನಾದರೂ ಆಗುತ್ತದೆ ಎಂದು ನಾನು ನಂಬಿದೆ. ಪುಸ್ತಕ ಓದುವವರಿಗೆ ಇರುವ ರೋಗ ಅದು. ಪ್ರಚಾರದ ಸಾಹೇಬರು ಎದ್ದು ನಿಂತರು. “ಎಂಥ ವಿನಯ ನೋಡಿ!” ಎಂದು ಚಪ್ಪಾಳೆ ತಟ್ಟಿದರು. ಜನ ಕಾಯುತ್ತಿದ್ದದ್ದು ಅದಕ್ಕೇ ಎಂಬಂತೆ ಇಡೀ ಸಭಾಂಗಣ ಎದ್ದು ಚಪ್ಪಾಳೆ ಹೊಡೆಯಿತು. ಅವನು ಏನೋ ಹೇಳುತ್ತಲೇ ಇದ್ದ. ಕೇಳಿಸಲಿಲ್ಲ. ಮರುದಿನದ ಪತ್ರಿಕೆಯಲ್ಲಿ ದಪ್ಪ ಅಕ್ಷರ: ‘ಗಂಡುಮೀನಿನಲ್ಲೂ ಮೊಟ್ಟೆ ತರಿಸಿದ ಕೈ.’ ಕೊಳವೆಗೆ ಅನುಮತಿ ಸಿಕ್ಕ ಸುದ್ದಿ ಒಳಪುಟದಲ್ಲಿ, ಸಣ್ಣದಾಗಿ.

ಊರಿಗೆ ಊರೇ ನಂಬದಿದ್ದಾಗ, ನನ್ನನ್ನೂ ಬೆಕ್ಕಿನ ಹುಡುಗಿಯನ್ನೂ ಬಿಟ್ಟರೆ, ಅವನನ್ನು ನಂಬಿದವಳು ಅತ್ತೆ ಒಬ್ಬಳೇ. “ನಾನು ಮೊದಲಿಂದ ಇದನ್ನೇ ತಾನೇ ಹೇಳ್ತಿದ್ದಿದ್ದು? ಇವನಿಗೆ ಎಲ್ಲಿಯ ಕೈಗುಣ,” ಎಂದು ಮನೆಗೆ ಬಂದವರಿಗೆಲ್ಲ ಹೇಳಿದಳು. ಆದರೆ ಅವತ್ತಿನಿಂದ ಮನೆಯಲ್ಲಿ ಅವನಿಗೆ ಊಟ ಬಡಿಸುವ ತನಕ ತಾನು ತಟ್ಟೆ ಮುಟ್ಟುತ್ತಿರಲಿಲ್ಲ ಎಂದು ಅವನ ಹೆಂಡತಿ ಹೇಳುತ್ತಾಳೆ.

ಸಾಲು ಎರಡರಷ್ಟಾಯಿತು. ಮಕ್ಕಳಾಗದವರು ದೂರದಿಂದ ಬಂದು ಅವನ ಕೈಲಿ ಮೀನು ಕೊಯ್ಯಿಸಿಕೊಂಡು ಹೋದರು. ಗಂಡಿನಿಂದಲೇ ಮೊಟ್ಟೆ ತೆಗೆಸಿದವನಿಗೆ ಇದೇನು ಮಹಾ? ಅವನು ಕೈಗುಣ ಕಳೆದುಕೊಳ್ಳಲು ಪಟ್ಟ ಪಾಡು, ಬೇರೆಯವರು ಗಳಿಸಲು ಪಟ್ಟಿರಲಾರರು. ಬೇಕೆಂದೇ ಅಡ್ಡಾದಿಡ್ಡಿ ಕೊಯ್ದ. ದೊಡ್ಡವರ ರೀತಿಯೇ ಬೇರೆ ಎಂದರು. ಒರಟು ಮಾತಾಡಿದ, ಪುಣ್ಯಾತ್ಮನ ಬಾಯಿ ಹಾಗೆ, ಕೈ ಬಂಗಾರ ಎಂದರು. ಪ್ರತಿಯೊಬ್ಬರಿಗೂ ಮೂತಿ ಮುಟ್ಟಿಸಿ ತೋರಿಸಿದ. ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಚಹಾಕ್ಕೆ ಬಂದರೆ ಕೈಗಳನ್ನು ಮೇಜಿನ ಮೇಲಿಡದೆ ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದ. ನದಿ ಕಾಯಿಲೆ ಬಿದ್ದಿದೆ ಎಂದು ಈ ಜನ ನಂಬಬೇಕಾದರೆ ಮೊದಲು ತನ್ನ ಹೆಸರು ಕೆಡಬೇಕು, ಅದೇ ಕೆಡುತ್ತಿಲ್ಲವಲ್ಲ, ಎಂದು ಒಮ್ಮೆ ಹೇಳಿದ. ಆಗ ಬೈದು ನಗಿಸಿದೆ. ಈಗ ನಗು ಬರುತ್ತಿಲ್ಲ.

ಕೊನೆಯ ಬೆಳಗಿನದು ನನಗೆ ಪಕ್ಕದ ಕಟ್ಟೆಯ ಅಕ್ಕ ಹೇಳಿದ್ದು. ಅವತ್ತು ಬಂದವನೇ ಅವನು ತನ್ನ ಕತ್ತಿ ಹೊರಗೆ ತೆಗೆಯಲಿಲ್ಲವಂತೆ. ಸಾಲಿನ ಮೊದಲನೆಯ ಹೆಂಗಸು ಸೊಸೆಗೆಂದು ತಂದ ಗೆಂಡೆಯನ್ನು ಮುಂದಿಟ್ಟಾಗ, ಅದನ್ನು ಎತ್ತಿ ಪಕ್ಕದ ಕಟ್ಟೆಗೆ ಕೊಟ್ಟ. ಅಕ್ಕ ಕೊಯ್ಯಲಿ, ಅವಳ ಕೈಯಲ್ಲೂ ಇದೇ ಬರುತ್ತದೆ, ಕಣ್ಣಾರೆ ನೋಡಿಕೊಳ್ಳಿ ಎಂದ. ಅಕ್ಕ ಕೊಯ್ದಳು. ಹೊಟ್ಟೆ ತುಂಬ ಮೊಟ್ಟೆ.

“ನೋಡಿದ್ರಾ ಅಮ್ಮ?” ಎಂದು ಕೇಳಿದ.

ಆ ಹೆಂಗಸು ಮೊಟ್ಟೆಯನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡು ಹೇಳಿದಳಂತೆ: “ಆದ್ರೂ ಮೊದಲು ಮುಟ್ಟಿದ್ದು ನೀವೇ ಅಲ್ವಾ.”

ಹಿಂದಿನವರು ಮೀನು ತಂದು ಕಟ್ಟೆಯ ಮೇಲಿಟ್ಟರು. ಅವನು ಅಂಗಿಗೆ ಎರಡೂ ಕೈ ಒರೆಸಿಕೊಂಡು, ಬೆನ್ನ ಹಿಂದೆ ಕಟ್ಟಿಕೊಂಡು, ಗಲ್ಲ ಎತ್ತಿ ಪಕ್ಕದ ಕಟ್ಟೆಯನ್ನು ತೋರಿಸಿದ.